ಬಾಗಿಲು ತೆರೆಯುವವರೆಗೂ ಫೋನ್ ಇಡಬೇಡಿ

ಕಂಪನಿಯ ಯಾವ ಕೆಲಸವನ್ನು ಮೊದಲು ಕಂಪ್ಯೂಟರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವುದಕ್ಕೇ ಈಗ ಒಂದು ಹುದ್ದೆ ಇದೆಯಂತೆ. ಗಂಗಾನಗರದ ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಆ ಹುದ್ದೆ ಸಿಕ್ಕಿತು. ಬೆಳಗ್ಗೆ ಪಾರ್ಕಿನಲ್ಲಿ ನನ್ನನ್ನು ನಿಲ್ಲಿಸಿ, "ಆಂಟಿ, ನೀವೂ ಇದೇ ಕೆಲ್ಸ ಮಾಡ್ತಿದ್ರಂತಲ್ಲಾ, ನಾಲ್ಕು ಟಿಪ್ಸ್ ಕೊಡಿ" ಎಂದಳು. ಟಿಪ್ಸ್ ಅಂತೆ! ನಾನು ಆ ಕೆಲಸ ಮಾಡಲಿಲ್ಲಮ್ಮ, ಆ ಕೆಲಸ ನನಗೆ ಏನು ಮಾಡಿತು ಎಂದು ಬೇಕಾದರೆ ಹೇಳುತ್ತೇನೆ ಎಂದೆ. ಅವಳಿಗೆ ಆಫೀಸಿನ ಕ್ಯಾಬ್ ಬಂದುಬಿಟ್ಟಿತು. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಸರೋಜಾ. ಒಂದು ಲಿಫ್ಟ್ ಕಂಪನಿಯ ಸರ್ವಿಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಿ ಅದೇ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತಳಾದೆ. ನಡುವೆ ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎನ್ನುವುದು ಯಾರಿಗೂ ಬೇಡದ ಪುರಾಣ. ನಮ್ಮದು ಲಿಫ್ಟ್ ತಯಾರಿಸುವ ಕಂಪನಿಯಲ್ಲ, ಯಾರೋ ಕೂರಿಸಿ ಹೋದ ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ಯಶವಂತಪುರದಿಂದ ಯಲಹಂಕದವರೆಗೆ ಇರುವ ಹಳೆಯ ಅಪಾರ್ಟ್‌ಮೆಂಟುಗಳೇ ನಮ್ಮ ಅನ್ನ. ಹೊಸ ಲಿಫ್ಟು ಹಾಕಿಸಲು ಅಸೋಸಿಯೇಷನ್ನಿನವರಿಗೆ ಮನಸ್ಸಿಲ್ಲ, ಹಳೆಯದು ಓಡಲು ಒಪ್ಪುವುದಿಲ್ಲ. ಮಧ್ಯೆ ನಾವು.

ನಮ್ಮ ಆಫೀಸಿನಲ್ಲಿ ಒಂದು ಫೋನಿತ್ತು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಮಾಡುವ ಕರೆಗಳಿಗಾಗಿಯೇ ಇಟ್ಟ ಫೋನು. ಹಗಲಿನಲ್ಲಿ ನಾನು ಮತ್ತು ಜಯಂತಿ ಎನ್ನುವ ಸಹೋದ್ಯೋಗಿ ಅದನ್ನು ತೆಗೆಯುತ್ತಿದ್ದೆವು. ಅದಕ್ಕೊಂದು ಕಟ್ಟುಪಾಡಿತ್ತು: ಮೆಕ್ಯಾನಿಕ್ ಹೋಗಿ ಬಾಗಿಲು ತೆರೆಯುವವರೆಗೂ ಫೋನ್ ಇಡುವಂತಿಲ್ಲ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ನಾನು ಸೇರುವ ಮೊದಲೇ ಇತ್ತು. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಹತ್ತಿರದ ಮೆಕ್ಯಾನಿಕ್ ಯಾರೆಂದು ನೋಡಿ ಓಡಿಸಬೇಕು.

ಏನು ಮಾತಾಡುವುದು? ಮೊದಲು ಅವರು ಬೈಯುತ್ತಾರೆ. ಬೈಯಲು ಬಿಡಬೇಕು. ಬೈಯುವಷ್ಟು ಉಸಿರಿದೆ ಎಂದರೆ ಗಾಬರಿಯಿಲ್ಲ. ಸುಮ್ಮನಿರುವವರದ್ದೇ ಭಯ. ಬೈಗುಳ ಮುಗಿದ ಮೇಲೆ "ತಿಂಡಿ ಆಯ್ತಾ? ಏನ್ ಮಾಡಿದ್ರಿ?" ಎಂದು ಶುರು. ಅಲ್ಲಿಂದ ಸಾರು, ಪಲ್ಯ, ಸೊಸೆ, ಬೀಗರು, ನೀರಿನ ಟ್ಯಾಂಕರ್ ಎಲ್ಲಾ ಬರುತ್ತದೆ. ಬಾಗಿಲು ತೆರೆದ ಮೇಲೂ ಮಾತು ಮುಗಿಸದೆ ಲಿಫ್ಟಿನಲ್ಲೇ ನಿಂತಿದ್ದವರೂ ಉಂಟು.

ಹಾಗೆ ಪರಿಚಯವಾದವರು ಕೆಂಪಾಪುರದ ವಿಮಲಾ ಮಿಸ್. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವರು. ಕಾಲಿನ ಶಕ್ತಿ ಹೋಗಿ ಗಾಲಿಕುರ್ಚಿಗೆ ಬಂದಿದ್ದರು. ತಂಗಿಯ ಜೊತೆ ನಾಲ್ಕನೇ ಮಹಡಿಯ ಮನೆ. ತಂಗಿ ಬ್ಯಾಂಕಿಗೆ ಹೋದ ಮೇಲೆ ಇವರು ತಾವೇ ಕುರ್ಚಿ ತಳ್ಳಿಕೊಂಡು ಲಿಫ್ಟಿಗೆ ಬರುತ್ತಿದ್ದರು. ಕೆಳಗಿನ ಅಂಗಳದಲ್ಲಿ ಅಪಾರ್ಟ್‌ಮೆಂಟಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಹರಟೆ, ನಗು, ರಾಜಕೀಯ. ಅವರಿಗೆ ಮೆಟ್ಟಿಲು ಇದ್ದೂ ಇಲ್ಲದ ಹಾಗೆ. ಲೋಕಕ್ಕೆ ಇರುವುದು ಅದೊಂದೇ ದಾರಿ, ಆ ಹಾಳು ಲಿಫ್ಟು.

ಮೊದಲ ಸಲ ಸಿಕ್ಕಿಕೊಂಡಾಗ ಅವರು ಬೈಯಲಿಲ್ಲ, ವಿಮಲಾ ಮಿಸ್, ಕೆಂಪಾಪುರ ಎಂದು ವಿಳಾಸ ಹೇಳಿ ನಿಲ್ಲಿಸಿಬಿಟ್ಟರು. ಬರೀ ಉಸಿರು ಕೇಳಿಸುತ್ತಿತ್ತು. ಜಯಂತಿ ಉಪಾಯವಿಲ್ಲದೆ, "ಮಿಸ್, ನಮ್ಮನೇಲಿ ಇವತ್ತು ಹುರುಳಿಕಾಳು ಸಾರು. ನೀವು ಕಾಯಿ ರುಬ್ಬಿ ಹಾಕ್ತೀರಾ?" ಎಂದಳು. ಆ ಕಡೆಯಿಂದ ತಟ್ಟನೆ ದನಿ ಬಂತು: "ಹುರುಳಿಗೆ ಕಾಯಿ ಹಾಕ್ತಾರೇನ್ರೀ ಯಾರಾದ್ರೂ?" ಬಾಗಿಲು ತೆರೆಯುವವರೆಗೂ ಜಗಳವಾಯಿತು. ಆಮೇಲೆ ಅವರು ಲಿಫ್ಟಿಗೆ ಹೆದರಲಿಲ್ಲ. "ಕೆಟ್ಟರೆ ಕೆಡ್ಲಿ ಸರೋಜಾ, ನೀವಿದ್ದೀರಲ್ಲ" ಎನ್ನುತ್ತಿದ್ದರು.

ಇಷ್ಟನ್ನು ನೆನಪಿಟ್ಟುಕೊಳ್ಳಿ. ಈಗ ನಮ್ಮ ಮಹಾಶಯರ ಆಟೊಮೇಷನ್ ಕಥೆಗೆ ಬರುತ್ತೇನೆ.

ಯಾವುದನ್ನು ಮೊದಲು ಆಟೊಮೇಟ್ ಮಾಡಬೇಕೆಂದು ಪುಸ್ತಕಗಳಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಮೊದಲು ಆದದ್ದು ಹುಟ್ಟುಹಬ್ಬದ ಶುಭಾಶಯ. ಯಾಕೆಂದರೆ ಆ ವರ್ಷ ನಮ್ಮ ಎಂ.ಡಿ. ಪ್ರಸಾದರ ಹುಟ್ಟುಹಬ್ಬವನ್ನು ಆಫೀಸು ಮರೆತಿತ್ತು. ಅವರು ಮುಖ ಊದಿಸಿಕೊಂಡು ಓಡಾಡಿದರು. ಮಾರನೇ ವಾರವೇ ಮೀಟಿಂಗ್. "ನೌಕರರನ್ನ ಗೌರವಿಸೋ ಪ್ರೊಸೆಸ್ಸೇ ನಮ್ಮ ಮೊದಲ ಆದ್ಯತೆ" ಎಂದರು. ಆಹಾ! ಯಾರ ಗೌರವ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಾಫ್ಟ್‌ವೇರ್ ಬಂತು. ಯಾರ ಹುಟ್ಟುಹಬ್ಬವೋ ಅವರ ಮೊಬೈಲಿಗೆ ಸಂದೇಶ, ಬೇಕರಿಗೆ ಕೇಕಿನ ಆರ್ಡರು, ಎಲ್ಲಾ ತಾನಾಗಿಯೇ ಹೋಗುವ ಏರ್ಪಾಟು.

ಜೂನ್ ಒಂದನೇ ತಾರೀಕು ಬಂತು. ಬೆಳಗ್ಗೆ ಆಫೀಸಿಗೆ ಬಂದರೆ ಕಾಲಿಡಲು ಜಾಗವಿಲ್ಲ. ಮೇಜಿನ ಮೇಲೆ ಕೇಕು, ಫೈಲಿನ ಮೇಲೆ ಕೇಕು, ಹಳೆಯ ಮೋಟಾರಿನ ಮೇಲೆ ಕೇಕು. ನಮ್ಮ ಮೆಕ್ಯಾನಿಕ್‌ಗಳಲ್ಲಿ ಹೆಚ್ಚಿನವರು ಧಾರವಾಡ, ಗದಗ, ವಿಜಯಪುರದ ಕಡೆಯವರು. ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮನಿಗೆ ತಾರೀಕು ನೆನಪಿಲ್ಲದಿದ್ದರೆ ಮೇಷ್ಟರು ಜೂನ್ ಒಂದು ಎಂದು ಬರೆದುಕೊಳ್ಳುವುದು ನಮ್ಮ ನಾಡಿಗೆಲ್ಲ ಗೊತ್ತಿರುವ ಪದ್ಧತಿ. ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ, ಎಂ.ಡಿ.ಗೂ ಗೊತ್ತಿರಲಿಲ್ಲ. ಹಿರಿಯ ಮೆಕ್ಯಾನಿಕ್ ಬಸವರಾಜ ಕೇಕಿನ ಡಬ್ಬಿ ಹಿಡಿದು ನನ್ನ ಮುಂದೆ ನಿಂತ. "ಮೇಡಂರೀ, ನಾ ಹುಟ್ಟಿದ್ದು ಹೋಳಿ ಹುಣ್ಣಿಮಿ ಮುಂದ್ರೀ. ಇದನ್ನ ಬರದಾಂವ ನಮ್ಮ ಸಾಲಿ ಹೆಡ್‌ಮಾಸ್ತರ. ಕೇಕ್ ಅವ್ರಿಗೆ ಕಳಿಸ್ರಿ."

ಆ ವಾರವಿಡೀ ಆಫೀಸಿನ ತುಂಬ ಇರುವೆ. ಆದರೂ ವಾರ್ಷಿಕ ವರದಿಯಲ್ಲಿ ಅದನ್ನು ಯಶಸ್ಸು ಎಂದೇ ಬರೆದರು.

ಆಮೇಲೆ ಪ್ರತಿ ವಿಭಾಗದವರನ್ನೂ ಕರೆದು ಯಾವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು ಎಂದು ಕೇಳಿದರು. ಆ ಮೀಟಿಂಗನ್ನು ನೀವು ನೋಡಬೇಕಿತ್ತು. ಬಿಲ್ಲಿಂಗಿನವರು ಸ್ಟೋರ್ಸ್ ಕೆಲಸ ಕೊಡಿ ಎಂದರು. ಸ್ಟೋರ್ಸಿನವರು ಬಿಲ್ಲಿಂಗ್ ಕೊಡಿ ಎಂದರು. ತಮ್ಮ ಕೆಲಸ ಮಾತ್ರ ದೇವರೇ ಬಂದರೂ ಯಂತ್ರಕ್ಕೆ ಬರುವಂಥದ್ದಲ್ಲ, ಪಕ್ಕದವರದ್ದು ಒಂದು ಗುಂಡಿ ಒತ್ತಿದರೆ ಆಗುವಂಥದ್ದು! ಮಸಾಲೆ ದೋಸೆ ತರಿಸುವ ವಿಷಯ ಒಂದರಲ್ಲೇ ಎಲ್ಲರೂ ಒಮ್ಮತಕ್ಕೆ ಬಂದದ್ದು.

ನಾನು ಕೇಳಿದ್ದು ಒಂದೇ. ಯಲಹಂಕದಲ್ಲಿ ಲಿಫ್ಟಿನ ಬಾಗಿಲಿನ ಬೆಲ್ಟ್ ಹರಿದರೆ ಮೆಕ್ಯಾನಿಕ್ ಬೈಕ್ ಹತ್ತಿ ಹೆಬ್ಬಾಳದ ಫ್ಲೈಓವರಿನಲ್ಲಿ ಬೇಯುತ್ತಾ ಯಶವಂತಪುರದ ನಮ್ಮ ಸ್ಟೋರಿಗೆ ಬರಬೇಕಿತ್ತು. ಯಾಕೆ? ಬೆಲ್ಟ್ ಯಲಹಂಕದ ಅಂಗಡಿಯಲ್ಲೇ ಸಿಗುತ್ತಿತ್ತು, ಅದನ್ನು ಕೊಳ್ಳಲು ಬೇಕಾದ ಒಂದು ಸಹಿಗೆ. ಸಹಿ ಹಾಕುವ ಪುಣ್ಯಾತ್ಮ ಊಟಕ್ಕೆ ಹೋಗಿದ್ದರೆ ಕಾಯಬೇಕು. ಅಷ್ಟು ಹೊತ್ತೂ ಯಲಹಂಕದ ಆ ಕಟ್ಟಡದವರು ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಹತ್ತುತ್ತಿರಬೇಕು. ಆ ಒಪ್ಪಿಗೆಯನ್ನು ಮೊಬೈಲಿನಲ್ಲೇ ಕೊಡುವಂತೆ ಮಾಡಿ, ಬೇರೇನೂ ಬೇಡ ಎಂದೆ.

ಎಂ.ಡಿ. ನಕ್ಕರು. "ಸರೋಜಾ ಮೇಡಂ, ಅದ್ರಲ್ಲಿ ಕಸ್ಟಮರ್‌ಗೆ ತೋರ್ಸೋಕೆ ಏನಿದೆ ಹೇಳಿ? ಸ್ಕ್ರೀನ್ ಮೇಲೆ ಏನ್ ಕಾಣುತ್ತೆ?"

"ಲಿಫ್ಟ್ ಓಡೋದು ಕಾಣುತ್ತೆ ಸಾರ್" ಎಂದೆ. ಎಲ್ಲರೂ ನಕ್ಕರು, ನಾನು ತಮಾಷೆ ಮಾಡಿದೆ ಎಂದುಕೊಂಡು. ನನ್ನ ಬೇಡಿಕೆ ಪಟ್ಟಿಯ ಕೊನೆಗೆ ಹೋಯಿತು. ನಾನು ನಿವೃತ್ತಳಾಗುವ ದಿನವೂ ಅಲ್ಲೇ ಇತ್ತು.

ಜಗಳ ಹೆಚ್ಚಾದಾಗ ಹೊರಗಿನಿಂದ ಒಬ್ಬನನ್ನು ಕರೆತಂದರು. ನಿಖಿಲ್ ಎಂದು ಹೆಸರು, ಟ್ರಾನ್ಸ್‌ಫರ್ಮೇಷನ್ ಹೆಡ್ ಎಂದು ಪದವಿ. ಕೆಟ್ಟವನಲ್ಲ. ನಗುಮುಖ, ಬಿಳಿ ಶೂಸು, ಕೈಯಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ. ಲಿಫ್ಟಿನ ಮೆಷಿನ್ ರೂಮು ಹೇಗಿರುತ್ತದೆ ಎಂದು ನೋಡಲು ಬಾರಯ್ಯ ಎಂದು ಎಷ್ಟೋ ಸಲ ಕರೆದೆ. "ಡೇಟಾ ಇದ್ರೆ ಸಾಕು ಮ್ಯಾಮ್" ಎಂದ. ಅವನ ಹತ್ತಿರ ಒಂದು ಸೂತ್ರವಿತ್ತು. ಪ್ರತಿ ಕೆಲಸಕ್ಕೂ ನೌಕರನಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಅದರಲ್ಲಿ ಎಷ್ಟು ಉಳಿಸಬಹುದು, ಇದಕ್ಕೆ ಅಂಕ. ಹೆಚ್ಚು ಅಂಕ ಬಂದದ್ದು ಮೊದಲು ಯಂತ್ರಕ್ಕೆ. ಕೇಳಲು ಬಲು ಚೆನ್ನಾಗಿದೆ.

ಲೆಕ್ಕ ಹಾಕಿದ ದಿನ ಅವನು ನಗುತ್ತಾ ನನ್ನ ಮೇಜಿಗೆ ಬಂದ. "ಮ್ಯಾಮ್, ಕಂಗ್ರಾಟ್ಸ್! ನಿಮ್ಮ ಡಿಪಾರ್ಟ್‌ಮೆಂಟೇ ಫಸ್ಟ್!"

"ಬೆಲ್ಟಿನ ಸಹಿನಾ?" ಎಂದು ಆಸೆಯಿಂದ ಕೇಳಿದೆ.

"ಅಲ್ಲ ಮ್ಯಾಮ್, ಸಿಕ್ಕಿಕೊಂಡೋರ ಫೋನು. ಇಡೀ ಕಂಪನೀಲಿ ಒಂದೊಂದು ಕರೆಗೆ ಇಷ್ಟು ಟೈಮ್ ಎಲ್ಲೂ ವೇಸ್ಟ್ ಆಗ್ತಿಲ್ಲ. ನಿಮ್ಮೋರು ರೆಸಿಪಿ ಮಾತಾಡ್ತಾರೆ ಮ್ಯಾಮ್! ನಾನು ರೆಕಾರ್ಡಿಂಗ್ ಕೇಳ್ದೆ."

ನನಗೆ ಮೈಯೆಲ್ಲಾ ಉರಿಯಿತು. "ಅಪ್ಪಾ ನಿಖಿಲ್, ಆ ಹೊತ್ತು ವೇಸ್ಟ್ ಅಲ್ಲ. ಆ ಹೊತ್ತೇ ನಮ್ ಕೆಲ್ಸ. ಕತ್ತಲೆ ಡಬ್ಬೀಲಿ ಕೂತಿರೋರು ಹೆದ್ರಿ ಬಾಗ್ಲು ಕೀಳೋಕೆ ಹೋಗ್ಬಾರ್ದು, ಅದಕ್ಕೆ ಮಾತಾಡ್ಸೋದು" ಎಂದೆ.

ಅವನು ತಾಳ್ಮೆಯಿಂದ ಕೇಳಿಸಿಕೊಂಡ. "ಎಮೋಷನ್ ಅರ್ಥ ಆಗುತ್ತೆ ಮ್ಯಾಮ್. ಸ್ಕೋರ್ ಅಲ್ಲಿ ಅದಕ್ಕೆ ಕಾಲಂ ಇಲ್ಲ" ಎಂದ.

ಎಂ.ಡಿ. ಹತ್ತಿರ ಹೋದೆ. ಗೋಗರೆದೆ, ಕೊನೆಗೆ ಜಗಳವಾಡಿದೆ. ಅವರು ಹೊಸ ಫೋನಿನ ಧ್ವನಿಯನ್ನು ನನಗೆ ಕೇಳಿಸಿದರು. ಜೇನು ಸುರಿಯುವಂಥ ಹೆಣ್ಣು ದನಿ. "ಎಷ್ಟ್ ಚೆನ್ನಾಗಿದೆ ನೋಡಿ, ಯಾವತ್ತೂ ಸುಸ್ತಾಗಲ್ಲ, ರಜ ಕೇಳಲ್ಲ" ಎಂದರು. ಜಯಂತಿಯನ್ನು ಬಿಲ್ಲಿಂಗಿಗೆ ಹಾಕಿದರು. ನನ್ನ ಮೇಜಿನಿಂದ ಆ ಫೋನನ್ನು ಕಿತ್ತರು. ಎಲೆ ಅಡಿಕೆ ಇಟ್ಟು ಹೊಸ ಯಂತ್ರಕ್ಕೆ ಪೂಜೆಯೂ ಆಯಿತು. ಮಂಗಳಾರತಿ ತಗೊಳ್ಳಿ ಮೇಡಂ ಎಂದರು. ನಾನು ತೆಗೆದುಕೊಳ್ಳಲಿಲ್ಲ.

ಆ ಜೇನಿನ ದನಿ ಏನು ಕೇಳುತ್ತಿತ್ತು ಗೊತ್ತೇ? ಕನ್ನಡಕ್ಕಾಗಿ ಒಂದನ್ನು ಒತ್ತಿ. ದೂರಿಗಾಗಿ ಮೂರನ್ನು ಒತ್ತಿ. ನಿಮ್ಮ ಗ್ರಾಹಕ ಸಂಖ್ಯೆಯನ್ನು ನಮೂದಿಸಿ. ಗ್ರಾಹಕ ಸಂಖ್ಯೆಯನ್ನು ನಾವು ಎಲ್ಲಿ ಅಂಟಿಸಿರುತ್ತೇವೆ? ಟೆರೇಸಿನ ಮೇಲಿನ ಮೆಷಿನ್ ರೂಮಿನಲ್ಲಿ, ಮೆಕ್ಯಾನಿಕ್ಕಿಗೆ ಕಾಣುವ ಹಾಗೆ! ಲಿಫ್ಟಿನೊಳಗೆ ಸಿಕ್ಕಿಕೊಂಡವರು ಟೆರೇಸಿಗೆ ಹೋಗಿ ನೋಡಿಕೊಂಡು ಬರಬೇಕು. ಸಂಖ್ಯೆ ಬಾಯಿಪಾಠ ಇದ್ದ ಮಹಾನುಭಾವರಿಗೆ ಮುಂದಿನ ಮೆಟ್ಟಿಲು. ಸುಳ್ಳು ದೂರು ಬರಬಾರದೆಂದು ಒಟಿಪಿ ಇಟ್ಟಿದ್ದರು. ಅದು ಹೋಗುವುದು ನಮ್ಮಲ್ಲಿ ದಾಖಲಾದ ನಂಬರಿಗೆ, ಅಂದರೆ ಅಸೋಸಿಯೇಷನ್ ಅಧ್ಯಕ್ಷರ ಮೊಬೈಲಿಗೆ. ಒಳಗಿರುವವರು ಅಧ್ಯಕ್ಷರನ್ನು ಕೇಳಿ ಒಟಿಪಿ ಪಡೆದು ಒತ್ತಿದರೆ, ಅವರು ನಿಜವಾಗಿಯೂ ಸಿಕ್ಕಿಕೊಂಡಿದ್ದಾರೆ ಎಂದು ಯಂತ್ರಕ್ಕೆ ನಂಬಿಕೆ ಬರುತ್ತಿತ್ತು.

ವಿಮಲಾ ಮಿಸ್ ಸಿಕ್ಕಿಕೊಂಡದ್ದು ಒಂದು ಮಧ್ಯಾಹ್ನ. ಕರೆಂಟ್ ಹೋಗಿತ್ತು, ಜನರೇಟರ್ ಹಿಡಿಯಲಿಲ್ಲ. ಅಭ್ಯಾಸದಂತೆ ನಮ್ಮ ನಂಬರು ಒತ್ತಿದರು. ಜಯಂತಿ ಬದಲು ಜೇನಿನ ದನಿ ಬಂತು. ಗ್ರಾಹಕ ಸಂಖ್ಯೆ ಗೊತ್ತಿಲ್ಲ. ಮತ್ತೆ ಒತ್ತಿದರು, ಮತ್ತೆ ಅದೇ. ತಂಗಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು, ಮೊಬೈಲು ಡ್ರಾಯರಿನಲ್ಲಿ. ಅಧ್ಯಕ್ಷರು ತಿರುಪತಿಗೆ ಹೋಗಿ ಸಾಲಿನಲ್ಲಿ ನಿಂತಿದ್ದರು, ಅವರ ಮೊಬೈಲು ಕೌಂಟರಿನಲ್ಲಿತ್ತು. ಮಿಸ್ ಕೂಗಿದರು. ಕೂಗಿದ್ದು ಕೇಳಿ ಹೆಂಗಸರು ಬಂದು ಬಾಗಿಲು ಬಡಿದರು. ಅವರೂ ನಮ್ಮ ನಂಬರಿಗೇ ಫೋನ್ ಮಾಡಿದರು, ಅವರಿಗೂ ಅದೇ ಜೇನು. ಪುಣ್ಯಕ್ಕೆ ಬಸವರಾಜ ಪಕ್ಕದ ರಸ್ತೆಯ ಲಿಫ್ಟಿಗೆ ಎಣ್ಣೆ ಹಾಕಲು ಬಂದಿದ್ದ. ಯಾರೋ ಓಡಿ ಹೋಗಿ ಅವನನ್ನು ಎಳೆದು ತಂದರು. ಬಾಗಿಲು ತೆರೆದಾಗ ಮಿಸ್ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಿದ್ದರು. ಮೊಬೈಲು ಇನ್ನೂ ಕಿವಿಯಲ್ಲೇ ಇತ್ತು. ಅದರಲ್ಲಿ, "ಕ್ಷಮಿಸಿ, ನಿಮ್ಮ ಆಯ್ಕೆ ಸರಿಯಾಗಿಲ್ಲ."

ಬಸವರಾಜ ಸಂಜೆ ನನ್ನ ಮೇಜಿನ ಮುಂದೆ ಬಂದು ಎಲ್ಲಾ ಹೇಳಿದ. "ಮೇಡಂರೀ, ಅಕ್ಕಾರು ಅತ್ತಿಲ್ರೀ. ನನ್ನ ಕೈ ಹಿಡದವ್ರು ಬಿಡ್ಲಿಲ್ಲ ನೋಡ್ರಿ" ಎಂದ. ನಾನು ಅತ್ತೆ. ಆಫೀಸಿನಲ್ಲಿ, ಎಲ್ಲರ ಎದುರು, ಸಿಟ್ಟಿಗೆ ಅತ್ತೆ.

ಅಂದಿನಿಂದ ವಿಮಲಾ ಮಿಸ್ ಮನೆಯಿಂದ ಹೊರಗೆ ಬರಲಿಲ್ಲ. ಲಿಫ್ಟಿನ ಬಾಗಿಲಿನವರೆಗೆ ಕುರ್ಚಿ ತಂದು ಹಿಂದಕ್ಕೆ ಹೋಗುತ್ತಿದ್ದರಂತೆ. ಅಂಗಳದ ಹೆಂಗಸರು ಬಾಲ್ಕನಿ ನೋಡಿ ಕೈ ಬೀಸುತ್ತಿದ್ದರು, ಅಷ್ಟೇ. ತಿಂಗಳಾಯಿತು, ಎರಡು ತಿಂಗಳಾಯಿತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಮತ್ತೆ ಕಮಿಟಿ ಕೂತಿತು. ಹೊಸ ಫೋನು ಬಂದ ಮೇಲೆ ಜನರ ಬೈಗುಳದ ಪತ್ರಗಳು ರಾಶಿ ರಾಶಿ ಬರುತ್ತಿದ್ದವು, ಪ್ರತಿಯೊಂದಕ್ಕೂ ಕ್ಷಮೆ ಕೇಳಿ ಉತ್ತರಿಸುವುದು ನನ್ನ ವಿಭಾಗದ ದೊಡ್ಡ ಕೆಲಸವಾಗಿತ್ತು. ನಿಖಿಲ್ ತನ್ನ ಸೂತ್ರ ತೆಗೆದ. ಅಂಕ ಹಾಕಿದ. ಈ ಸಲ ಮೊದಲ ಸ್ಥಾನ ಯಾವುದಕ್ಕೆ ಬಂತು? ಕ್ಷಮಾಪಣೆ ಪತ್ರಕ್ಕೆ! ಒಂದು ಕೆಲಸ ಕೆಡಿಸಿ, ಕೆಡಿಸಿದ್ದರಿಂದ ಹುಟ್ಟಿದ ಇನ್ನೊಂದು ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಎರಡನ್ನೂ ಸಾಧನೆ ಎಂದು ಬರೆದುಕೊಂಡರು. ಅಂಥ ಜಾಣರಿವರು. ವಿಮಲಾ ಮಿಸ್‌ಗೂ ಒಂದು ಪತ್ರ ಹೋಯಿತು. "ಪ್ರಿಯ ಅಧ್ಯಕ್ಷರೇ" ಎಂದು ಶುರುವಾಗಿತ್ತು.

ಆ ಭಾನುವಾರ ನಾನೇ ಕೆಂಪಾಪುರಕ್ಕೆ ಹೋದೆ. ಒಂದು ದಪ್ಪ ಕಾಗದದ ಮೇಲೆ ನನ್ನ ಸ್ವಂತ ಮೊಬೈಲ್ ನಂಬರನ್ನು ದೊಡ್ಡದಾಗಿ ಬರೆದು, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿಗೆ ಸಿಗುವ ಎತ್ತರದಲ್ಲಿ ಲಿಫ್ಟಿನೊಳಗೆ ಅಂಟಿಸಿದೆ. ಮೇಲೆ ಹೋಗಿ ಮಿಸ್‌ಗೆ ಹೇಳಿದೆ, "ಬನ್ನಿ, ಇಬ್ರೂ ಇಳಿಯೋಣ. ನಾಳೆಯಿಂದ ನೀವೊಬ್ರೇ. ಸಿಕ್ಕಿಕೊಂಡ್ರೆ ಈ ನಂಬರು."

"ನೀವು ರಿಟೈರ್ ಆದ್ಮೇಲೆ?" ಎಂದರು.

"ಕಂಪನಿಯಿಂದ ತಾನೇ ರಿಟೈರ್ ಆಗೋದು? ಫೋನಿಂದ ಅಲ್ವಲ್ಲ."

ಅವರು ತಂಗಿಗೆ ಬಾಗಿಲು ಹಾಕಿಕೋ ಎಂದರು. ಆಮೇಲೆ ಕುರ್ಚಿಯ ಗಾಲಿಗೆ ಕೈ ಹಾಕಿದರು. ಇಳಿದೆವು. ಅಂಗಳದಲ್ಲಿ ಹೆಂಗಸರು ಚಪ್ಪಾಳೆ ತಟ್ಟಿದರು.

ಅವರಲ್ಲಿ ಯಾರೋ ಆ ಕಾಗದದ ಫೋಟೊ ತೆಗೆದು ನೆಂಟರಿಗೆ ಕಳಿಸಿದರು. ಅವರ ಅಪಾರ್ಟ್‌ಮೆಂಟಿನಲ್ಲೂ ನನ್ನ ನಂಬರು ಅಂಟಿತು. ಆರ್.ಟಿ. ನಗರದಿಂದ ಕರೆ, ಯಲಹಂಕದಿಂದ ಕರೆ. ಅಷ್ಟರಲ್ಲಿ ನನಗೆ ಶಾಲು ಹೊದಿಸಿ ಕಳಿಸಿದ್ದರು. ಮನೆಯ ಸೋಫಾದಲ್ಲಿ ಕೂತು ತಿಂಡಿ ಏನಾಯ್ತು ಎಂದು ಕೇಳತೊಡಗಿದೆ. ಇನ್ನೊಂದು ಮೊಬೈಲಿನಲ್ಲಿ ಬಸವರಾಜನಿಗೆ ಹೇಳಿದರೆ ಅವನು ಹೋಗುತ್ತಿದ್ದ, ಇಲ್ಲವೇ ಹತ್ತಿರ ಇರುವವರನ್ನು ಕಳಿಸುತ್ತಿದ್ದ. ಯಂತ್ರ ಕೊಡುವ ದೂರಿನ ನಂಬರೇ ಇರದ ಕಾರಣ ಅವರು ಅದನ್ನು ಕಂಪನಿಯ ಪುಸ್ತಕದಲ್ಲಿ ಮಾಮೂಲಿ ಭೇಟಿ ಎಂದು ಬರೆದುಕೊಳ್ಳುತ್ತಿದ್ದರು.

ಹೋದ ವರ್ಷ ಕಂಪನಿಯ ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದರು. ಕೆಂಪಾಪುರದ ಒಂದು ಹೋಟೆಲಿನ ಹಾಲ್. ಅಪಾರ್ಟ್‌ಮೆಂಟ್ ಅಧ್ಯಕ್ಷರೆಲ್ಲ ಮುಂದಿನ ಸಾಲಿನಲ್ಲಿ, ಮೆಕ್ಯಾನಿಕ್‌ಗಳು ಹಿಂದಿನ ಸಾಲಿನಲ್ಲಿ. ನಿಖಿಲ್ ಪರದೆಯ ಮೇಲೆ ಒಂದು ಗ್ರಾಫ್ ತೋರಿಸಿದ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ದೂರುಗಳು. ಗೆರೆ ಜಾರುಬಂಡೆಯ ಹಾಗೆ ಕೆಳಗಿಳಿದು ನೆಲ ಮುಟ್ಟಿತ್ತು. "ಸಿಕ್ಕಿಕೊಳ್ಳೋದೇ ನಿಂತುಹೋಗಿದೆ ಅನ್ನೋಷ್ಟು ಕಡಿಮೆ! ಸರಿಯಾದ ಪ್ರೊಸೆಸ್ ಆರಿಸಿದ್ರೆ ಹೀಗೆ" ಎಂದ. ಭಾರೀ ಚಪ್ಪಾಳೆ. ಎಂ.ಡಿ. ಮೈಕ್ ತೆಗೆದುಕೊಂಡು, "ಇದಕ್ಕೆ ಬುನಾದಿ ಹಾಕಿದೋರು ನಮ್ಮ ಸರೋಜಾ ಮೇಡಂ, ವೇದಿಕೆಗೆ ಬರ್ಬೇಕು" ಎಂದರು. ಅವರ ಕೈಯಲ್ಲಿ ಮತ್ತೊಂದು ಶಾಲು.

ನಾನು ಹೋಗಿ ಮೈಕಿನ ಮುಂದೆ ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಸಿಕ್ಕಿಕೊಂಡಾಗ ಮಾತ್ರ ಫೋನ್ ಮಾಡುವ ವಿಮಲಾ ಮಿಸ್.

ಎಂ.ಡಿ. ಹಲ್ಲು ಕಿರಿದು, "ಮೇಡಂ, ಸೈಲೆಂಟ್‌ಗೆ ಹಾಕಿ" ಎಂದರು.

"ನಾನು ಸೈಲೆಂಟ್‌ಗೆ ಹಾಕಿದ್ರೆ ನಿಮ್ಮ ಗ್ರಾಫ್ ಮೇಲಕ್ಕೆ ಹೋಗುತ್ತೆ ಸಾರ್" ಎಂದೆ. ಮೈಕು ಎದುರಿಗೇ ಇತ್ತು, ಹಾಲಿಗೆಲ್ಲ ಕೇಳಿಸಿತು. ಕೊನೆಯ ಸಾಲಿನಲ್ಲಿ ಬಸವರಾಜ ಆಗಲೇ ಎದ್ದು ನಿಂತಿದ್ದ. ನಾನು "ವಿಮಲಾ ಮಿಸ್" ಎಂದು ತಲೆ ಆಡಿಸಿದೆ. ಅವನು ಕೈಯಲ್ಲಿದ್ದ ಜಾಮೂನು ಬಟ್ಟಲು ಪಕ್ಕದವನಿಗೆ ಕೊಟ್ಟು, ಚೀಲ ತೆಗೆದುಕೊಂಡು ಓಡಿದ.

ನಾನು ಸ್ಪೀಕರ್ ಹಾಕಿ ಮೊಬೈಲನ್ನು ಮೈಕಿನ ಪಕ್ಕ ಹಿಡಿದೆ. "ಹೇಳಿ ಮಿಸ್. ಬಸವರಾಜ ಹೊರಟ. ಇವತ್ತು ಸಾರು ಏನು?"

"ಹುರುಳಿಕಾಳು" ಎಂದರು ವಿಮಲಾ ಮಿಸ್. "ಜಯಂತಿಗೆ ಹೇಳ್ಬೇಡಿ, ಇವತ್ತು ನಾನೇ ಕಾಯಿ ರುಬ್ಬಿ ಹಾಕ್ಬಿಟ್ಟೆ."

ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಅಧ್ಯಕ್ಷರು ತಲೆ ತಗ್ಗಿಸಿದರು. ನಾವು ಕಾಯಿಯ ಬಗ್ಗೆ ಮಾತಾಡಿದೆವು, ಒಗ್ಗರಣೆಯ ಬಗ್ಗೆ ಮಾತಾಡಿದೆವು, ಅಂಗಳದಲ್ಲಿ ಯಾರು ಯಾರು ಕಾಯುತ್ತಿದ್ದಾರೆ ಎಂದು ಮಾತಾಡಿದೆವು. ಎಂ.ಡಿ. ಶಾಲು ಹಿಡಿದು ನಿಂತೇ ಇದ್ದರು. ನಿಖಿಲನ ಗ್ರಾಫು ನನ್ನ ಬೆನ್ನ ಹಿಂದೆ ಹಾಗೇ ಇತ್ತು. ಕೊನೆಗೆ ಕಬ್ಬಿಣದ ಬಾಗಿಲು ಸರಿದ ಸದ್ದು ಕೇಳಿಸಿತು. "ಬಂದೇನ್ರೀ ಅಕ್ಕಾರ" ಎಂಬ ಬಸವರಾಜನ ದನಿ ಕೇಳಿಸಿತು.

ಆಮೇಲೆ ನಾನು ಫೋನ್ ಇಟ್ಟೆ.